ಏಕಾಂತಯ್ಯನವರ ನಾಲ್ಕನೇ ಗಿರಾಕಿ

ಬಸವೇಶ್ವರನಗರದ ಮೂರನೇ ಹಂತದಲ್ಲಿರುವ ಏಕಾಂತಯ್ಯನವರ ಮನೆಗೆ ಒಂದು ಮುಂದಿನ ಕೋಣೆ ಇದೆ. ಎಂಟಡಿಗೆ ಹತ್ತಡಿ, ಒಂದು ಕಿಟಕಿ, ರಸ್ತೆಗೆ ತೆರೆಯುವ ಬೇರೆ ಬಾಗಿಲು. ಈ ಕೋಣೆಗಾಗಿ 2005ರ ಜೂನ್ ತಿಂಗಳಿನಲ್ಲಿ ನಡೆದ ಮಹಾಸಮರದ ವರದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರಬೇಕಿತ್ತು.

ಅಲ್ಲಿ ಬಾಡಿಗೆಗಿದ್ದ ಹೋಮಿಯೋಪತಿ ಡಾಕ್ಟರು ಮೇ ಕೊನೆಗೆ ಖಾಲಿ ಮಾಡಿದ ದಿನವೇ ಏಕಾಂತಯ್ಯನವರ ಪತ್ನಿ ಗಿರಿಜಾದೇವಿ ಕೋಣೆ ತೊಳೆದು, ಬಾಗಿಲಿಗೆ ರಂಗೋಲಿ ಹಾಕಿ, "ಇನ್ಮೇಲೆ ಇದು ನನ್ನ ಹೊಲಿಗೆ ಕೋಣೆ" ಎಂದು ಘೋಷಿಸಿದ್ದರು. ಹನ್ನೊಂದು ವರ್ಷದಿಂದ ಅವರ ಹೊಲಿಗೆ ಮಿಷನ್ನು ಮೆಟ್ಟಿಲ ಕೆಳಗಿತ್ತು. ಬ್ಲೌಸಿಗೆ ಅಳತೆ ಕೊಡಲು ಬಂದವರು ಸ್ಕೂಟರು, ಗ್ಯಾಸ್ ಸಿಲಿಂಡರುಗಳ ನಡುವೆ ಕೈ ಎತ್ತಿಕೊಂಡು ನಿಲ್ಲಬೇಕಿತ್ತು. ಮಳೆ ಬಂದರೆ ಗಿರಿಜಾದೇವಿ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಹೊಲಿಯುತ್ತಿದ್ದರು. (ಇದರಲ್ಲಿ ಉತ್ಪ್ರೇಕ್ಷೆ ಇದೆ ಎನ್ನುವವರು ಅವರ ಎದುರಿಗೆ ಹೋಗಿ ಅನ್ನಲಿ.)

ಆದರೆ ಅದೇ ವಾರ ಏಕಾಂತಯ್ಯನವರು ರಾಜಾಜಿನಗರದ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು. ಬರಿಗೈಯಲ್ಲಿ ಬರಲಿಲ್ಲ, ಒಂದು ಐಡಿಯಾದ ಸಮೇತ ಬಂದರು.

"ಬರೀ ಇ-ಮೇಲ್ ಕಣೇ!" ಎಂದರು. "ಎಲ್ಲರೂ ವೆಬ್‌ಸೈಟು ವೆಬ್‌ಸೈಟು ಅಂತ ಒದ್ದಾಡ್ತಾರೆ. ನಾನು ವೆಬ್‌ಸೈಟ್ ಮಾಡಲ್ಲ. ಅವರವರ ಹೆಸರಲ್ಲೇ ಇ-ಮೇಲ್ ಅಡ್ರೆಸ್ಸು, ಅಷ್ಟೇ. ಬರೋ ಕಾಗದ, ಹೋಗೋ ಕಾಗದ ಎಲ್ಲ ನಮ್ಮ ಮುಂದಿನ ಕೋಣೇಲಿರೋ ಕಂಪ್ಯೂಟರ್‌ನಲ್ಲಿ ಭದ್ರ."

"ಅಂದ್ರೆ ಮನೆ ಕಟ್ಟಲ್ಲ, ಗೇಟಿಗೆ ಬರೀ ಪೋಸ್ಟ್ ಡಬ್ಬ ಹಾಕಿ ಕೊಡ್ತೀರಿ."

"ಹ್ಞಾಂ, ಕರೆಕ್ಟು!"

"ಅದು ಯಾರಿಗ್ರೀ ಬೇಕು?"

ಈ ಪ್ರಶ್ನೆಗೆ ಏಕಾಂತಯ್ಯನವರಿಗೆ ಸಿಟ್ಟು ಬಂತು. ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫೋರ್‌ಮನ್ ಆಗಿದ್ದವರಿಗೆ ಪ್ರಶ್ನೆ ಕೇಳಿ ಅಭ್ಯಾಸವೇ ಹೊರತು ಕೇಳಿಸಿಕೊಂಡು ಅಲ್ಲ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ ಮಗಳು ಐಶ್ವರ್ಯಳಿಂದ ಒಂದು ಯಂತ್ರ ಜೋಡಣೆ ಮಾಡಿಸಿ, ಅದಕ್ಕೆ ಸರ್ವರ್ ಎಂದು ನಾಮಕರಣ ಮಾಡಿ, ಕೋಣೆಯಲ್ಲಿ ಪ್ರತಿಷ್ಠಾಪಿಸಿಯೇ ಬಿಟ್ಟರು. ರಂಗೋಲಿ ಚಪ್ಪಲಿ ಕಾಲಿಗೆ ಸಿಕ್ಕಿ ಅಳಿಸಿತು. ಗಿರಿಜಾದೇವಿ ಕೂಗಾಡಲಿಲ್ಲ. ನೆಟ್ಟಗೆ ಗೋಡೆಯ ಕ್ಯಾಲೆಂಡರ್ ಮುಂದೆ ಹೋಗಿ ನಿಂತರು.

"ಸರಿ. ಭಾನುವಾರ ಸಂಜೆ ಆರು ಗಂಟೆವರೆಗೂ ಟೈಮು" ಎಂದರು ಗಿರಿಜಾದೇವಿ. "ನಾಲ್ಕು ಜನ, ನಾಲ್ಕೇ ಜನ, ಬೇಕು ಅಂತ ಸಹಿ ಹಾಕ್ಲಿ. ಕೋಣೆ ನಿಮ್ಮದು. ಇಲ್ಲಾಂದ್ರೆ ನನ್ನ ಮಿಷನ್ ಒಳಗೆ, ನಿಮ್ಮ ಸರ್ವರ್ ಮೆಟ್ಟಿಲ ಕೆಳಗೆ."

ಏಕಾಂತಯ್ಯನವರು ಇನ್ನೂರು ಪುಟದ ನೋಟ್‌ಬುಕ್ ಕೊಂಡರು. (ನಾಲ್ಕು ಸಹಿಗೆ ಇನ್ನೂರು ಪುಟ. ದೂರದೃಷ್ಟಿ ಎಂದರೆ ಇದು.) ಸೋಮವಾರದಿಂದ ಶನಿವಾರದವರೆಗೆ ಮೆಡಿಕಲ್ ಶಾಪು, ಟ್ಯುಟೋರಿಯಲ್ಲು, ಫ್ಲೋರ್ ಮಿಲ್ಲು ಒಂದನ್ನೂ ಬಿಡದೆ ಸುತ್ತಿದರು. ಎಲ್ಲರೂ ಕೂರಿಸಿದರು, ಕಾಫಿ ಕೊಟ್ಟರು, "ಒಳ್ಳೇ ಐಡಿಯಾ ಸಾರ್, ನೋಡೋಣ" ಎಂದರು. ಆರು ದಿನಕ್ಕೆ ಮೂವತ್ತೊಂದು "ನೋಡೋಣ" ಸಂಗ್ರಹವಾಯಿತು. ಸಹಿ ಒಂದೂ ಇಲ್ಲ, ಕಾಫಿ ಕುಡಿದು ಕುಡಿದು ಎದೆಯುರಿ ಮಾತ್ರ ಬಂತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ರೇವಣಸಿದ್ದಪ್ಪನವರ ಮುಂದೆ ಕುಳಿತರು.

"ಇ-ಮೇಲ್ ಪುಕ್ಕಟೆ ಸಿಗತ್ತಲ್ಲ ಸ್ವಾಮಿ?"

"ಪುಕ್ಕಟೆ ಕೊಡೋರು ನಿಮ್ಮ ಕಾಗದ ಎಲ್ಲಿಟ್ಟಿರ್ತಾರೋ ಯಾರಿಗೆ ಗೊತ್ತು? ನಮ್ಮದು ನಮ್ಮ ಮನೇಲೇ ಇರತ್ತೆ."

ರೇವಣಸಿದ್ದಪ್ಪನವರ ಮುಖ ಗಂಭೀರವಾಯಿತು. "ನನ್ನ ಕಾಗದ ನಿಮ್ಮ ಮನೇಲಾ? ನಿಮ್ಮ ಮನೆಗೆ ಬ್ಲೌಸ್ ಹೊಲಿಸೋಕೆ ಅರ್ಧ ಬಸವೇಶ್ವರನಗರ ಬರತ್ತೆ. ಬೇಡ ಸ್ವಾಮಿ." ಏಕಾಂತಯ್ಯನವರು ಎದ್ದರು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಪಿಸುದನಿ ಬಂತು. "ಒಂದ್ನಿಮಿಷ. ಅಂಗಡೀಲಿ ಪಾಲುದಾರ ನಮ್ಮ ತಮ್ಮ ಇದಾನಲ್ಲ, ಅವನಿಗೊಂದು ಮಾಡ್ಕೊಡಿ. ಅವನಿಗೆ ಬಂದಿದ್ದೆಲ್ಲ, ಅವನು ಕಳಿಸಿದ್ದೆಲ್ಲ, ನನಗೊಂದು ಕಾಪಿ. ಆಗತ್ತಾ?"

ಏಕಾಂತಯ್ಯನವರು ಅಂಗಡಿಯ ಫೋನಿನಿಂದಲೇ ಮಗಳನ್ನು ಕೇಳಿದರು.

"ಆಗತ್ತಪ್ಪಾ, ಒಂದು ಟಿಕ್ ಹಾಕಿದ್ರೆ ಆಯ್ತು. ನಮ್ಮ ಸರ್ವರಲ್ಲೇ ಟೆಸ್ಟ್ ಮಾಡಿದೀನಿ, ಸೂಪರಾಗಿ ಕೆಲಸ ಮಾಡ್ತಾ ಇದೆ" ಎಂದಳು ಐಶ್ವರ್ಯ. ಯಾಕೋ ನಗುತ್ತಿದ್ದಳು. ಏಕಾಂತಯ್ಯನವರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಸಹಿ ಬಿದ್ದಿತ್ತು.

ಹನ್ನೆರಡಕ್ಕೆ ಎದುರು ಮನೆ ಅಕ್ಕಯ್ಯಮ್ಮ. ಎಪ್ಪತ್ತು ದಾಟಿದ ಅವರಿಗೆ ಇ-ಮೇಲ್ ಎಂದರೇನೆಂದು ತಿಳಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು, ಕಾಪಿ ಎಂದರೇನೆಂದು ತಿಳಿಯುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ನಮ್ಮ ಶಿಲ್ಪಂಗೆ ಮಾಡ್ಕೊಡಪ್ಪ, ನಾನೇ ಕೊಡಿಸಿದೆ ಅಂತ ಹೇಳ್ತೀನಿ. ದಾವಣಗೆರೆಗೆ ಅವರಮ್ಮಂಗೆ ದಿನಾ ಏನೋ ಬರೀತಾಳೆ. ನನಗೆ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡು" ಎಂದು ಸಹಿ ಹಾಕಿದರು. ಗೇಟಿನ ಬಳಿ ಸೊಸೆ ಶಿಲ್ಪಾ ತುಳಸಿ ಕಟ್ಟೆಗೆ ನೀರು ಹಾಕುವ ನೆಪದಲ್ಲಿ ಕಾದಿದ್ದಳು. "ಅಂಕಲ್, ನಮ್ಮತ್ತೆಗೂ ಒಂದು ಮಾಡ್ಕೊಡಿ. ನಾದಿನಿಗೆ ನನ್ನ ಮೇಲೆ ಏನೇನು ಬರೆಸ್ತಾರೆ ಅಂತ ನೋಡ್ಬೇಕು. ಕಾಪಿ ನನಗೆ." ಮೂರನೇ ಸಹಿ ತುಳಸಿ ಕಟ್ಟೆಯ ಮೇಲೆಯೇ ಆಯಿತು.

ಮನೆಗೆ ನಡೆಯುವಾಗ ಏಕಾಂತಯ್ಯನವರಿಗೆ ಒಳಗೊಳಗೇ ಕಸಿವಿಸಿಯಾಯಿತು. ಮೂವರು ಸಹಿ ಹಾಕಿದ್ದರು, ಒಬ್ಬರಿಗೂ ತಮ್ಮ ಕಾಗದ ಬೇಕಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಇನ್ನೊಬ್ಬರದು. ಇದು ಸರಿಯೇ ಎಂದು ಯೋಚಿಸಲು ಹೊರಟರು. ಅಷ್ಟರಲ್ಲಿ ಗಡಿಯಾರ ನೆನಪಾಯಿತು. ಇನ್ನೊಂದು ಸಹಿ ಬೇಕಿತ್ತು.

ಮಧ್ಯಾಹ್ನವೆಲ್ಲ ಅಲೆದರೂ ಸಿಕ್ಕಿದ್ದು ಮತ್ತೆರಡು "ನೋಡೋಣ". ಐದು ಮುಕ್ಕಾಲಿಗೆ, ಚಪ್ಪಲಿ ಸವೆದು, ಮುಖ ಬಾಡಿ ಮನೆಗೆ ಬಂದರೆ, ಗಿರಿಜಾದೇವಿ ಮೆಟ್ಟಿಲ ಕೆಳಗೆ ಕುಳಿತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಪಕ್ಕದಲ್ಲಿ ಅವರ ಅಳತೆ ಪುಸ್ತಕವಿತ್ತು. ಆಗ ಮಹಡಿ ಪೋರ್ಷನ್ನಿನ ಬಾಡಿಗೆದಾರ, ಗದಗದ ಹುಡುಗ ರುದ್ರೇಶ, ತಾನಾಗಿಯೇ ಇಳಿದು ಬಂದ.

"ಸರ, ನನಗೊಂದು ಇ-ಮೇಲ್ ಬೇಕಾಗೇದ್ರಿ. ಕೆಲಸಕ್ಕ ಅರ್ಜಿ ಹಾಕ್ಲಿಕ್ಕೆ. ಹೆಸರಿನ ಮ್ಯಾಲೆ ಅಡ್ರೆಸ್ ಇದ್ರ ಚಲೋ ಕಾಣಸ್ತದ."

ತನಗಾಗಿ ಕೇಳಿದ ಮೊದಲ ಮನುಷ್ಯ! ಏಕಾಂತಯ್ಯನವರ ಕಣ್ಣಲ್ಲಿ ನೀರೇ ಬಂತು. ಪೆನ್ನಿನ ಮುಚ್ಚಳ ತೆಗೆದು ಕೈಗಿಟ್ಟರು. ಗಡಿಯಾರದಲ್ಲಿ ಆರಕ್ಕೆ ಎಂಟು ನಿಮಿಷವಿತ್ತು.

"ಒಂದಽ ಮಾತ್ರೀ ಸರ. ಈಗಿನ ಮ್ಯಾನೇಜರ್‌ಗ ನಾ ಬ್ಯಾರೆ ಕೆಲಸ ಹುಡುಕೋದು ಗೊತ್ತಾತಂದ್ರ ನನ್ನ ಕತಿ ಮುಗೀತು. ಕಾಗದ ಮತ್ಯಾರ ಕೈಗೂ ಹೋಗಂಗಿಲ್ಲ ಹೌದಲ್ರೀ?"

"ಛೆ ಛೆ! ನನ್ನ ಸರ್ವರಿಂದ ಒಂದು ಅಕ್ಷರ ಆಚೆ ಹೋದ್ರೆ ನನ್ನ ಹೆಸರು ಏಕಾಂತಯ್ಯ ಅಲ್ಲ. ನಾನೇ ವಾರದಿಂದ ಉಪಯೋಗಿಸ್ತಾ ಇದೀನಿ. ಬೇಕಾದ್ರೆ ನಮ್ಮ ಮನೆಯವರನ್ನೇ ಕೇಳು. ಹೇಳೇ ಗಿರಿಜಾ!"

ಗಿರಿಜಾದೇವಿ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿದರು. ಅಳತೆ ಪುಸ್ತಕ ತೆರೆದರು. ಅದರೊಳಗಿಂದ ಮಡಿಚಿದ ಒಂದು ಹಾಳೆ ತೆಗೆದು, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. (ಮೂಲವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವಾದ್ದರಿಂದ ಅಲ್ಲಲ್ಲಿ ತಡವರಿಸಿದರು.)

"'ಪ್ರಿಯ ಗೂಳಪ್ಪ, ನಾಲ್ಕು ಸಹಿ ಸಿಗೋದು ಅನುಮಾನ. ಆದರೂ ನಾನು ಕೋಣೆ ಬಿಡುವವನಲ್ಲ. ಸೋಮವಾರ ಗಿರಿಜಾ ತುಮಕೂರಿಗೆ ತಂಗಿ ಮನೆಗೆ ಹೋಗ್ತಾಳೆ. ನೀನು ಲಗೇಜ್ ಆಟೋ ತಾ. ಹೊಲಿಗೆ ಮಿಷನ್ ಬ್ಯಾಡರಹಳ್ಳಿಯ ನಿಮ್ಮ ಮನೇಲಿರಲಿ. ರಿಪೇರಿಗೆ ಕೊಟ್ಟಿದೀನಿ ಅಂತ ಹೇಳ್ತೀನಿ. ರಿಪೇರಿಯವನು ಊರಿಗೆ ಹೋಗಿದಾನೆ ಅಂತ ಮೂರು ತಿಂಗಳು ತಳ್ಳಬಹುದು.' ಗುರುವಾರ ಸಂಜೆದು ಇದು. ನಿಮ್ಮ ಕಾರ್ಖಾನೆ ಗೆಳೆಯ ಗೂಳಪ್ಪನವರ ಉತ್ತರವೂ ಇದೆ. 'ಆಟೋ ರೆಡಿ. ಬೇಗ ಕಳಿಸು, ನಮ್ಮ ಮನೆಯವಳಿಗೆ ಎರಡು ಬ್ಲೌಸ್ ಹೊಲ್ಕೋಬೇಕಂತೆ.'"

ರುದ್ರೇಶ ಪೆನ್ನಿಗೆ ಮುಚ್ಚಳ ಹಾಕಿ ಮೆಲ್ಲಗೆ ನೋಟ್‌ಬುಕ್ಕಿನ ಮೇಲಿಟ್ಟ. "ನೋಡೋಣ್ರೀ ಸರ" ಎಂದ. ಅದು ಮೂವತ್ನಾಲ್ಕನೆಯದು.

"ಹನ್ನೊಂದು ವರ್ಷ ಈ ಮೆಟ್ಟಿಲ ಕೆಳಗೆ ತಲೆ ತಗ್ಗಿಸ್ಕೊಂಡು ಹೊಲಿದಿದೀನಿ" ಎಂದರು ಗಿರಿಜಾದೇವಿ. ಹಾಳೆಯನ್ನು ಮತ್ತೆ ಮಡಿಚಿದರು. "ಸೋತ್ರೆ ಸೋತೆ ಅನ್ನಬೇಕಿತ್ತು ನೀವು. ಮಿಷನ್ ಕದಿಯೋದಾ?"

ಏಕಾಂತಯ್ಯನವರಿಗೆ ನಿಜಕ್ಕೂ ನಾಚಿಕೆಯಾಯಿತು. ನೆಲ ನೋಡಿದರು, ಸಿಲಿಂಡರ್ ನೋಡಿದರು. ಗಡಿಯಾರ ಆರು ಹೊಡೆಯಿತು. ಇಪ್ಪತ್ತಾರು ವರ್ಷ ಬೇರೆಯವರಿಂದ ಭಾರ ಎತ್ತಿಸಿದ ಫೋರ್‌ಮನ್ನರು ಬಗ್ಗಿ, ರುದ್ರೇಶನ ಜೊತೆ ಕೈಹಚ್ಚಿ, ಹೊಲಿಗೆ ಮಿಷನ್ನನ್ನು ಮುಂದಿನ ಕೋಣೆಯ ಕಿಟಕಿ ಪಕ್ಕಕ್ಕೆ ಇಟ್ಟರು. ಸರ್ವರ್ ಮೆಟ್ಟಿಲ ಕೆಳಗೆ ಬಂತು. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದರು.

ಆಮೇಲೆ ತಡೆಯಲಾರದೆ ಕೇಳಿದರು. "ಅಲ್ಲ, ಆ ಕಾಗದ ನಿನಗೆ ಹೇಗೆ ಸಿಕ್ತು?"

"ಸೋಮವಾರ ಸರ್ವರ್ ಶುರುವಾದ ಅರ್ಧ ಗಂಟೆಗೇ ಐಶುನ ಕೇಳ್ದೆ. ಅಪ್ಪಂಗೆ ಬರೋದು, ಅಪ್ಪ ಕಳಿಸೋದು, ಎಲ್ಲದರ ಕಾಪಿ ನನಗೂ ಬರೋ ಹಾಗೆ ಮಾಡೇ ಅಂತ. ಟಿಕ್ ಹಾಕಿ, ಬಂದಿದ್ದನ್ನೆಲ್ಲ ಪ್ರಿಂಟ್ ತೆಗೆದು ಕೊಟ್ಳು."

"ಹಂಗಾದ್ರೆ..." ಏಕಾಂತಯ್ಯನವರು ಬೆರಳು ಮಡಿಚಿ ಎಣಿಸತೊಡಗಿದರು. ರೇವಣಸಿದ್ದಪ್ಪ, ಅಕ್ಕಯ್ಯಮ್ಮ, ಶಿಲ್ಪಾ. ನಾಲ್ಕನೇ ಬೆರಳು ಅರ್ಧಕ್ಕೇ ನಿಂತಿತು.

"ಹ್ಞೂಂ. ಊರೆಲ್ಲ ಸುತ್ತಿದ್ರಿ, ಫ್ಲೋರ್ ಮಿಲ್‌ನವನನ್ನೂ ಕೇಳಿದ್ರಿ. ನಿನಗೊಂದು ಬೇಕೇನೇ ಅಂತ ನನ್ನ ಒಂದ್ಸಲ ಕೇಳಿದ್ರಾ? ಕೇಳಿದ್ರೆ ಸಹಿ ಹಾಕ್ತಿದ್ದೆ ರೀ. ನನಗೆ ಸೋಮವಾರದಿಂದಾನೇ ಬೇಕಾಗಿತ್ತು."

ಗಿರಿಜಾದೇವಿ ಅವರ ಕಂಕುಳಿನಿಂದ ನೋಟ್‌ಬುಕ್ ಎಳೆದುಕೊಂಡರು. ನಾಲ್ಕನೇ ಸಾಲಿನಲ್ಲಿ ದುಂಡಗೆ ಸಹಿ ಹಾಕಿ, ಪಕ್ಕದಲ್ಲಿ "ವೇಳೆ: ಆರು ಇಪ್ಪತ್ತು" ಎಂದು ಬರೆದು, ಹಿಂದಿರುಗಿಸಿ, ಹೊಸ ಕೋಣೆಯ ದೀಪ ಹಾಕಿ ಸೂಜಿಗೆ ದಾರ ಪೋಣಿಸತೊಡಗಿದರು.