ಒಂದೇ ದರದ ಹಲಗೆ

ಬಟ್ಟೆ ಅಂಗಡಿಯಲ್ಲಿ ದುಡಿಯುವವನು ನಗಲಿಕ್ಕೆ ನಾಟಕ ಕಂಪನಿಯ ಡೇರೆಗೆ ಹೋಗಬೇಕಿಲ್ಲ. ನಾಟಕವೇ ದಿನಾ ಮೆಟ್ಟಿಲು ಹತ್ತಿ ಬರುತ್ತದೆ. ನಮ್ಮ ಭಾಗ ಇನ್ನೂ ಮುಂಬೈ ಇಲಾಖೆಯಲ್ಲಿದ್ದಾಗ ನಾನು ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಮಾಲಕರು ಒಮ್ಮೆ ಮುಂಬೈ ನೋಡಿ ಬಂದವರೇ ಬಾಗಿಲ ಮೇಲೆ 'ಒಂದೇ ದರ' ಎಂದು ಹಲಗೆ ಬರೆಸಿ ಹಾಕಿದರು. ಓಣಿಯ ವ್ಯಾಪಾರಿಗಳೆಲ್ಲ ನಕ್ಕರು.

"ಚೌಕಾಶಿ ಇಲ್ಲದ ವ್ಯಾಪಾರ ಮಾಡಿ ತೋರಸ್ತೀನಿ. ಈ ಹಲಗಿ ಇಳಿಸಿದ ದಿನ ನನಗ ವ್ಯಾಪಾರಿ ಅನಬ್ಯಾಡ್ರಿ" ಎಂದು ಮಾಲಕರು ಅವರೆದುರೇ ಸಾರಿಬಿಟ್ಟರು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಕೋಳಿಗೂಡು

ಮೊದಲ ದಿನವೇ ಹಳ್ಳಿಯ ಮುದುಕಿಯೊಬ್ಬಳು ಬಂದಳು. ಸೀರೆ ಮೆಚ್ಚಿದಳು, ದರ ಕೇಳಿದಳು, ಅರ್ಧಕ್ಕೆ ಕೇಳಿದಳು.

"ಹಲಗಿ ನೋಡಬೇ ಯವ್ವಾ" ಎಂದರು ಮಾಲಕರು.

"ನನಗ ಓದಾಕ ಬರಂಗಿಲ್ರಿ."

ಮಾಲಕರು ತಾವೇ ಎದ್ದು ಹೋಗಿ ಗಟ್ಟಿಯಾಗಿ ಓದಿ, ಅರ್ಥವನ್ನೂ ಬಿಡಿಸಿ ಹೇಳಿದರು. ಮುದುಕಿ ಸೀರೆ ಕೆಳಗಿಟ್ಟು ಹಲಗೆಯನ್ನೇ ನೋಡುತ್ತ ನಿಂತಳು.

"ಸೀರಿ ಇರಲ್ರಿ. ಆ ಹಲಗಿ ಎಷ್ಟಕ್ಕ ಕೊಡ್ತೀರಿ? ಕೋಳಿಗೂಡಿಗೆ ಬಾಗಲಾ ಬೇಕಾಗೈತಿ."

ಚೀಟಿ ಅದಲುಬದಲು

ಹಲಗೆ ಉಳಿಯಿತು, ಗಿರಾಕಿಗಳು ಉಳಿಯಲಿಲ್ಲ. ದೀಪಾವಳಿ ಬಂದಾಗ ಮಾಲಕರು ಹಳೇ ಮಾಲಿಗೆ ಅರ್ಧ ದರ ಸಾರಿದರು. ಚಷ್ಮಾ ಮನೆಯಲ್ಲಿ ಮರೆತು ಬಂದಿದ್ದರೂ ಬೆಲೆಯ ಚೀಟಿಗಳನ್ನು ತಾವೇ ಅಂಟಿಸಿದರು. ಮೂಲೆಯಲ್ಲಿ ಬಿದ್ದು ಬಣ್ಣ ಕಳೆದುಕೊಂಡಿದ್ದ ಕುಬಸದ ಖಣಗಳಿಗೆ ಪೂರಾ ಬೆಲೆ ಬಿತ್ತು, ಆಗತಾನೇ ಗುಳೇದಗುಡ್ಡದಿಂದ ಬಂದ ಖಣಗಳಿಗೆ ಅರ್ಧ.

ನಮಗೆ ಗೊತ್ತಾಗುವಷ್ಟರಲ್ಲಿ ಹಳೇ ಖಣವೆಲ್ಲ ಖರ್ಚಾಗಿತ್ತು. ಅರ್ಧ ದರದ ಹೊಸದನ್ನು ಒಬ್ಬಾಕೆ ಬೆಳಕಿಗೆ ಹಿಡಿದು, ಮೂಸಿ ನೋಡಿ, ತಿರುಗಿ ಇಟ್ಟಳು.

"ಯಾಕ್ರಿ, ಛಲೋ ಇಲ್ಲೇನು?" ಎಂದೆ.

"ಛಲೋ ಅದ. ಅದಕ್ಕ ಅಂಜಿಕಿ ಬರ್ತದ."

ಮಾಳಮಡ್ಡಿಯ ತಕರಾರು

ಹಬ್ಬದ ಮರುವಾರ ಧಾರವಾಡದ ಮಾಳಮಡ್ಡಿಯಿಂದ ವಕೀಲರೊಬ್ಬರ ಹೆಂಡತಿ ರೈಲು ಹತ್ತಿ ಬಂದರು. ಅರ್ಧ ದರಕ್ಕೆ ಒಯ್ದ ಸೀರೆಯನ್ನು ಗಾದಿಯ ಮೇಲೆ ಒಗೆದರು.

"ಬಣ್ಣ ಬಿಡ್ತೇನ್ರಿ ಬಾಯಾರ?" ಎಂದೆ.

"ಇಲ್ಲ."

"ಹರೀತೇನ್ರಿ?"

"ಹರದಿದ್ರ ಛಲೋ ಇತ್ತು! ಇದ ಸೀರಿ ನನ್ನ ನಾದಿನಿ ಪೂರಾ ದರಕ್ಕ ತಗೊಂಡಾಳ. ಅರಿಷಿಣ ಕುಂಕುಮಕ್ಕ ಬಂದವರ ಮುಂದ 'ವೈನಿದು ಅರ್ಧ ದರದ್ದು' ಅಂದ್ಲು. ಉಳಿದ ಅರ್ಧಾ ತಗೋರಿ, ಪೂರಾ ದರದ ಪಾವತಿ ಚೀಟಿ ಬರಕೊಡ್ರಿ."

ನನಗೆ ಬಾಯಲ್ಲಿ ನೀರೂರಿತು. ಮಾಲಕರು ಮಾತ್ರ ಕೈಮುಗಿದರು. "ಒಂದೇ ದರ ಅಂದ್ರ ಒಂದೇ ದರರಿ. ಒಂದು ಪೈ ಹೆಚ್ಚಿಗೆ ತಗೊಳ್ಳೂದಿಲ್ಲ."

"ಕಡಿಮಿ ಮಾಡದ ಅಂಗಡಿ ಕಂಡೀನಿ" ಎಂದು ಆಕೆ ಸೀರೆ ಬಗಲಿಗೆ ತುರುಕಿಕೊಂಡರು, "ಹೆಚ್ಚಿಗೆ ಕೊಟ್ರ ಒದ್ದಾಡೂ ಅಂಗಡಿ ಇವತ್ತ ಕಂಡೆ!"

ಮನೆಯ ಗಿರಾಕಿ

ಇಷ್ಟಾದರೂ ಹಲಗೆ ಅಲುಗಿರಲಿಲ್ಲ. ಒಂದು ದಿನ ಮಾಲಕರು ನನ್ನನ್ನು ಊಟಕ್ಕೆ ಮನೆಗೆ ಕರೆದೊಯ್ದರು. ಅವರ ಹೆಂಡತಿ ಹೊಸ ಸೀರೆ ತಂದು ನಮ್ಮಿಬ್ಬರ ಮುಂದೆ ಹರವಿದರು.

"ಗಂಟು ಹೊತ್ತು ಮಾರ್ತಾನಲ್ಲ, ಆ ಮುದುಕನ ಕಡೆ ತಗೊಂಡೆ. ಒಂಬತ್ತು ರೂಪಾಯಿ ಅಂದ. ಎರಡು ತಾಸು ಜಗ್ಗಾಡಿ ಐದಕ್ಕ ಇಳಿಸಿದೆ! ಕಲೀರಿ ಒಂದೀಟು. ಹಲಗಿ ಕಟಗೊಂಡು ಕೂತ್ರ ಇಂಥಾ ಮಾಲು ಸಿಗತದೇನು?"

ಸೀರೆಯ ಅಂಚಿನಲ್ಲಿ ನಮ್ಮದೇ ಅಂಗಡಿಯ ಮೊಹರು ಇತ್ತು. ಚೌಕಾಶಿಯ ಭರದಲ್ಲಿ ಅವರು ನೋಡಿರಲಿಲ್ಲ. ಅದನ್ನು ಹಿಂದಿನ ದಿನವಷ್ಟೇ ಆ ಮುದುಕನಿಗೆ ಮೂರು ರೂಪಾಯಿಗೆ ಮಾರಿದವನು ನಾನು.

"ಛಲೋ ತಂದಿ" ಎಂದಷ್ಟೇ ಹೇಳಿ ಮಾಲಕರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಪಾಪ ಅನ್ನಿಸಿತು.

ಮರುದಿನ ಮುದುಕ ಅಂಥದೇ ಇನ್ನೊಂದು ಸೀರೆಗೆ ಬಂದ. ಮಾಲಕರು ಎದ್ದರು. ಎದುರಿನ ವ್ಯಾಪಾರಿಗಳೆಲ್ಲ ನೋಡುತ್ತಿರುವಂತೆಯೇ ಹಲಗೆ ಇಳಿಸಿದರು, ಅದರ ಮೇಲೆಯೇ ಕುಕ್ಕರಿಸಿದರು.

"ಎಂಟು ರೂಪಾಯಿ" ಎಂದರು.

"ಮೊನ್ನಿ ಮೂರಿತ್ತಲ್ರಿ ಸಾವ್ಕಾರ್ರ?"

"ಇವತ್ತ ಎಂಟು. ಬೇಕಾದ್ರ ಚೌಕಾಶಿ ಮಾಡು!"

ಅರ್ಧ ದಿನ ನಡೆಯಿತು. ಮುದುಕ ಮೂರು ಸಲ ಮೆಟ್ಟಿಲಿಳಿದು ಹೋದ, ಮಾಲಕರು ಮೂರು ಸಲ ಕರೆದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು. ಕೊನೆಗೆ ವ್ಯವಹಾರ ಕುದುರಿತು. ಮುದುಕ ಸೀರೆ ಗಂಟಿಗೆ ಸೇರಿಸಿ ಹೋದ ಮೇಲೆ ಮಾಲಕರು ಮೀಸೆ ತಿರುವಿಕೊಂಡು ನನ್ನತ್ತ ತಿರುಗಿದರು.

"ನೋಡಿದ್ಯೋ ಇಲ್ಲೋ, ಹೆಂಗ ಬಿಗಿ ಹಿಡದೆ?"

"ಹೌದ್ರಿ ಮಾಲಕರ" ಎಂದೆ. ಎರಡೂವರೆ ರೂಪಾಯಿಯನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ.