ಪುಟ್ಟಲಕ್ಷ್ಮಿಯ ಜಡೆ

ತೊಂದರೆ ಶುರುವಾದದ್ದು ಒಂದು ಕಾರ್ಡಿನಿಂದ. ಲಕೋಟೆಯಲ್ಲಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಶನಿವಾರ ಅಂಚೆಯವನು ಅದನ್ನು ತಂದಾಗ ಹೊನ್ನಯ್ಯ ಕಾರ್ಖಾನೆಯ ಉಗ್ರಾಣದಲ್ಲಿ ಬೋಲ್ಟುಗಳನ್ನು ವಿಂಗಡಿಸುತ್ತಿದ್ದ. ಕಾರ್ಡು ಪಕ್ಕದ ಮನೆಯ ನಂಜಮ್ಮನ ಕೈ ಸೇರಿತು. ಭಾನುವಾರ ಬೆಳಿಗ್ಗೆ ಹೊನ್ನಯ್ಯನಿಗೆ ತಲುಪುವಷ್ಟರಲ್ಲಿ, ಭದ್ರಾವತಿಯ ಆ ಕ್ವಾರ್ಟರ್ಸಿನ ಸಾಲಿನಲ್ಲಿ ಓದು ಬಂದವರೆಲ್ಲ ಅದನ್ನು ಓದಿದ್ದರು, ಓದು ಬಾರದವರು ಓದಿಸಿ ಕೇಳಿದ್ದರು.

ನಂಜಮ್ಮ ಹೊಸ್ತಿಲಲ್ಲಿ ನಿಂತು ಇನ್ನೊಂದು ಸಲ ಗಟ್ಟಿಯಾಗಿ ಓದಿದಳು. “‘ಸೌಭಾಗ್ಯವತಿ ಪುಟ್ಟಲಕ್ಷ್ಮಿಯವರಿಗೆ, ಕೇರಾಫ್ ಹೊನ್ನಯ್ಯನವರು. ನಿಮ್ಮ ಬಲಗಡೆಯ ಜಡೆ ನಡುವೆ ಅಡ್ಡ ತಿರುಗಿದೆ. ಹಾಗೇ ಬಿಟ್ಟರೆ ನೋಡಿದವರು ನಗುತ್ತಾರೆ. ಭಾನುವಾರ ಹನ್ನೊಂದರ ರೈಲಿಗೆ ಬಂದು, ನಿಮ್ಮೆದುರೇ ಬಿಚ್ಚಿ ಸರಿಯಾಗಿ ಹಾಕಿಕೊಡುತ್ತೇನೆ. ಇಂತಿ ಶಾಂತಮ್ಮ, ಶಿವಮೊಗ್ಗ.’ ಯಾರ್ರೀ ಇದು ಪುಟ್ಟಲಕ್ಷ್ಮಿ?”

ಹೊನ್ನಯ್ಯ ಕೈ ಚಾಚಿದ, ನಂಜಮ್ಮ ಕಾರ್ಡನ್ನು ಬೆನ್ನ ಹಿಂದೆ ಸರಿಸಿದಳು.

“ಒಂಬತ್ತು ವರ್ಷದಿಂದ, ಪಾಪ ಒಂಟಿ ಮನುಷ್ಯ ಅಂತ ಹುಳಿ, ಉಪ್ಪಿನಕಾಯಿ ಕಳಿಸ್ತಿದೀನಿ. ಒಳಗೆ ಎರಡು ಜಡೆಯೋಳು ಕೂತ್ಕೊಂಡು ಉಣ್ತಿದ್ಲಾ?”

ಎದುರು ಮನೆಯ ಫಿಟ್ಟರ್ ಈಶ್ವರಪ್ಪ ಹಲ್ಲುಜ್ಜುತ್ತಲೇ ಬಂದ. “ಯಾವೂರೋಳು ಮಾರಾಯ? ನನಗಾದ್ರೂ ಒಂದು ಮಾತು ಹೇಳೋದಲ್ವಾ?”

“ಅಂಥದ್ದೇನೂ ಇಲ್ಲ. ವಿಳಾಸ ತಪ್ಪಿರ್ಬೇಕು.”

ನಂಜಮ್ಮ ಅಪ್ಪಣೆಗೆ ಕಾಯದೆ ಒಳಗೆ ನುಗ್ಗಿದಳು. ಅಡಿಗೆಮನೆ, ಮಂಚದ ಕೆಳಗೆ, ಹಿತ್ತಲ ಬಚ್ಚಲು ಎಲ್ಲವನ್ನೂ ಜಾಲಾಡಿದಳು. ಒಂದು ತಟ್ಟೆ ಸಿಕ್ಕಿತು, ಒಂದು ಲೋಟ ಸಿಕ್ಕಿತು. ಹೆಂಗಸು ಮಾತ್ರ ಸಿಗಲಿಲ್ಲ. “ಹಿತ್ತಲ ಬಾಗ್ಲಿಂದ ದಾಟಿಸಿದಾರೆ,” ಎಂದು ತೀರ್ಪು ಕೊಟ್ಟು ಹೋದಳು.

ನಿಜ ಏನೆಂದರೆ, ಪುಟ್ಟಲಕ್ಷ್ಮಿ ಹೊನ್ನಯ್ಯನೇ. ಎರಡು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಮೊಣಕಾಲು ಮುರಿದುಕೊಂಡು ದೂರದ ಊರಿನ ಆಸ್ಪತ್ರೆಯಲ್ಲಿ ಆರು ವಾರ ಮಲಗಿದ್ದ. ನೋಡಲು ಯಾರೂ ಬಾರದ್ದನ್ನು ಕಂಡ ನರ್ಸೊಬ್ಬಳು ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೊಟ್ಟು ಹೆಣಿಗೆ ಕಲಿಸಿದಳು. ಕಾಲು ಕೂಡಿತು, ಹೆಣಿಗೆ ಬಿಡಲಿಲ್ಲ. ಯುದ್ಧದ ಕಾಲ. ಸೈನಿಕರಿಗೆ ಸ್ವೆಟರ್ ಹೆಣೆಸಲು ಶಿವಮೊಗ್ಗದ ಹೆಂಗಸರ ಸಂಘವೊಂದು ಖಾಕಿ ಉಲ್ಲನ್ ಕಳಿಸುತ್ತಿತ್ತು, ಹೆಂಗಸರಿಗೆ ಮಾತ್ರ. ಹೊನ್ನಯ್ಯ ಪುಟ್ಟಲಕ್ಷ್ಮಿ ಎಂದು ರುಜು ಹಾಕಿದ. ಪಾರ್ಸೆಲ್ಲು ಬಂದಾಗ ಅಂಚೆ ಕಚೇರಿಗೆ ತಾನೇ ಹೋಗಿ ಬಿಡಿಸಿಕೊಳ್ಳುತ್ತಿದ್ದ.

ಸಂಘದ ಕೆಲಸ ನೋಡುತ್ತಿದ್ದ ಶಾಂತಮ್ಮ ಟೀಚರು ಪಾರ್ಸೆಲ್ಲಿನೊಳಗೆ ಒಂದು ಕಾಗದ ಮಡಿಸಿಡುತ್ತಿದ್ದರು. ‘ನಿಮ್ಮ ಕುಣಿಕೆಗಳು ಒಂದೇ ಸಮ ಇವೆ. ಆರೋಗ್ಯವಾಗಿದ್ದೀರಾ?’ ಹುಳಿ ಕಳಿಸುವವರಿದ್ದರು, ಆದರೆ ಪ್ರಪಂಚದಲ್ಲಿ ಹೊನ್ನಯ್ಯನ ಆರೋಗ್ಯ ಕೇಳುವವರು ಅವರೊಬ್ಬರೇ. ಆ ಕಾಗದಗಳು ನಿಂತರೆ ತನ್ನ ಬದುಕಿನಲ್ಲಿ ಬೋಲ್ಟುಗಳ ಹೊರತು ಏನೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವರನ್ನು ಮೆಚ್ಚಿಸಲೆಂದೇ ಈ ಸಲ ಸ್ವೆಟರಿನ ಎದೆಯ ಮೇಲೆ ಎರಡು ಜಡೆ ಹೆಣಿಗೆ ಹಾಕಿ, ಆ ಭಾಗವನ್ನಷ್ಟೇ ನೋಡಲು ಕಳಿಸಿದ್ದ. ಸೈನಿಕನಿಗೆ ಜಡೆ ಯಾಕೆಂದು ಯಾರೂ ಕೇಳಬೇಡಿ. ಆರು ಕುಣಿಕೆಗಳಲ್ಲಿ ಮೊದಲ ಮೂರನ್ನು ಗಿಡ್ಡ ಕಡ್ಡಿಗೆ ಏರಿಸಿ ಮುಂದೆ ಹಿಡಿದು ಹೆಣೆದರೆ ಜಡೆ ಎಡಕ್ಕೆ ತಿರುಗುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ಏಳನೇ ತಿರುವಿನಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಬೆಚ್ಚಿದ ಹೊನ್ನಯ್ಯ ಮುಂದೆ ಹಿಡಿಯಬೇಕಾದ ಕಡ್ಡಿಯನ್ನು ಹಿಂದೆ ಹಿಡಿದುಬಿಟ್ಟಿದ್ದ.

ಈಗ ನೆರೆಯವರ ಪಾಲಿಗೆ ಮನೆಯಲ್ಲಿ ಹೆಂಗಸು ಇರಕೂಡದು, ಟೀಚರ ಪಾಲಿಗೆ ಇರಲೇಬೇಕು. ಕುಣಿಕೆ ಬಿದ್ದದ್ದು ಕಡ್ಡಿಯ ಮೇಲಲ್ಲ, ಅವನ ಕುತ್ತಿಗೆಗೆ.

ಹನ್ನೊಂದೂವರೆಗೆ ಶಾಂತಮ್ಮ ಬಂದೇ ಬಂದರು. ನಲವತ್ತರ ಹತ್ತಿರದವರು, ಕೈಯಲ್ಲಿ ಬಟ್ಟೆಯ ಚೀಲ. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಇಡೀ ಸಾಲೇ ಬಂದು, ಬಾಗಿಲಿಗೆ ಬೆನ್ನು ಮಾಡಿ ಕಿವಿಯನ್ನು ಒಳಗಿಟ್ಟು ನಿಂತಿತು.

“ಪುಟ್ಟಲಕ್ಷ್ಮಿಯವರು?”

“ಅವರು… ಇಲ್ಲ. ಅಂದ್ರೆ, ಇಲ್ಲಿಲ್ಲ.”

“ಪರವಾಗಿಲ್ಲ,” ಎಂದು ಶಾಂತಮ್ಮ ಚಾಪೆಯ ಮೇಲೆ ಕುಳಿತು ಚೀಲದಿಂದ ಆ ಹೆಣಿಗೆ ತೆಗೆದರು. “ನಿಮಗೇ ತೋರಿಸಿ ಹೋಗ್ತೀನಿ. ಇಡೀ ಹೆಣಿಗೆ ಬಿಚ್ಚೋದೇನೂ ಬೇಡ. ಈ ಆರು ಕುಣಿಕೆ ಮಾತ್ರ ತಪ್ಪಿದ ಜಾಗದ ತನಕ ಇಳಿಸಿದ್ರೆ ಸಾಕು.”

ಇಳಿಸಿದರು. ಬಿಚ್ಚಿದ ಎಳೆಗಳು ಏಣಿಯ ಮೆಟ್ಟಿಲುಗಳ ಹಾಗೆ ನಿಂತವು. ಆಮೇಲೆ ಮೂರು ಕುಣಿಕೆಗಳನ್ನು ಬೇರೆ ಕಡ್ಡಿಗೆ ಏರಿಸಿ, ನೋಡನೋಡುತ್ತಿದ್ದಂತೆ, ಹಿಂದೆ ಹಿಡಿದರು.

ಹೊನ್ನಯ್ಯ ತುಟಿ ಕಚ್ಚಿದ. ತಡೆಯಲಾಗಲಿಲ್ಲ. “ಹಿಂದಲ್ಲ ಟೀಚರಮ್ಮ, ಮುಂದೆ! ಮತ್ತೆ ಅದೇ ತಪ್ಪಾಗುತ್ತೆ!”

ಅವರ ಕೈಯಿಂದ ಹೆಣಿಗೆ ತೆಗೆದುಕೊಂಡ. ಸೈಕಲ್ಲಿನ ಕಡ್ಡಿಯನ್ನು ತುಂಡರಿಸಿ, ಉಜ್ಜಿ ನುಣುಪು ಮಾಡಿಟ್ಟುಕೊಂಡಿದ್ದ ಗಿಡ್ಡ ಕಡ್ಡಿ ಜೇಬಿನಿಂದ ಹೊರಬಂತು. ಮೂರು ಕುಣಿಕೆ ಮುಂದೆ ಬಂದವು, ಒಂದೊಂದೇ ಎಳೆ ಮೇಲೇರಿತು, ಜಡೆ ಎಡಕ್ಕೆ ತಿರುಗಿತು. ಶಾಂತಮ್ಮ ಅವನ ಬೆರಳುಗಳನ್ನೇ ನೋಡುತ್ತಿದ್ದರು.

“ತಮ್ಮಂದಿರನ್ನ ಓದಿಸೋದ್ರಲ್ಲಿ ನನ್ನ ವಯಸ್ಸು ಕಳೀತು,” ಎಂದರು. “ಈಗ ಸಂಜೆ ಸ್ಕೂಲ್ ಬಿಟ್ಮೇಲೆ ಹೊತ್ತೇ ಹೋಗಲ್ಲ. ಒಬ್ಬರಿಗೆ ಅಡಿಗೆ ಮಾಡೋದು ಬೇಜಾರು.”

“ನನಗೂ ಅಷ್ಟೇ,” ಎಂದುಬಿಟ್ಟು ಹೊನ್ನಯ್ಯ ನಾಲಿಗೆ ಕಚ್ಚಿಕೊಂಡ. ಶಾಂತಮ್ಮ ನಕ್ಕರು. ಆ ಮನೆಯಲ್ಲಿ ಇನ್ನೊಬ್ಬರು ನಕ್ಕ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ. ಅವನಿಗೆ ಧೈರ್ಯ ಬಂತು.

“ಟೀಚರಮ್ಮ, ನಿಜ ಹೇಳ್ಬೇಕು ಅಂದ್ರೆ ಪುಟ್ಟಲಕ್ಷ್ಮಿ…”

“ಹೆರಿಗೆಗೆ ಹೋಗಿದಾಳಮ್ಮ!” ಕಾಫಿ ಲೋಟಗಳೊಂದಿಗೆ ನಂಜಮ್ಮ ಒಳಗೆ ಬಂದಳು. ಬೆಳಗಿನಿಂದ ಬಯ್ದವಳೇ, ಹೊರಗಿನವರೆದುರು ನೆರೆಯವನನ್ನು ಬಿಟ್ಟುಕೊಡಲಿಲ್ಲ. “ತವರು ಹೊಳೆಹೊನ್ನೂರು. ಇದು ಮೂರನೇದು. ನಮ್ಮ ಹೊನ್ನಯ್ಯನೋರಿಗೆ ಹೇಳ್ಕೊಳಕ್ಕೆ ನಾಚಿಕೆ.”

“ಮೊದಲೆರಡೂ ನನ್ನ ಹೆಗಲ ಮೇಲೇ ಬೆಳೆದ್ವು,” ಎಂದು ಈಶ್ವರಪ್ಪ ಬಾಗಿಲಿಂದ ಸಾಕ್ಷಿ ಹೇಳಿದ.

ಶಾಂತಮ್ಮ ಕಾಫಿಯನ್ನು ಅರ್ಧ ಕುಡಿದು ಎದ್ದರು.

ಸ್ಟೇಷನ್ನಿನವರೆಗೂ ಹೊನ್ನಯ್ಯ ಕುಂಟುತ್ತ ಜೊತೆಗೆ ಹೋದ. ರೈಲು ಬಂದು ನಿಂತಾಗ ಶಾಂತಮ್ಮ ತಾವಾಗಿಯೇ ಹೇಳಿದರು, “ಈ ತಪ್ಪನ್ನ ಹೇಗೆ ತಿದ್ದೋದು ಅಂತ ಕಾರ್ಡಲ್ಲೇ ಬರೀಬಹುದಾಗಿತ್ತು. ಅದಕ್ಕೆ ರೈಲು ಹತ್ತಿ ಬರ್ಬೇಕಾಗಿರ್ಲಿಲ್ಲ.”

“ಮತ್ತೆ?”

“‘ಸದರಿ ಉಲ್ಲನ್ ತಲುಪಿರುತ್ತದೆ’ ಅಂತ ಆಫೀಸಿನ ಭಾಷೇಲಿ ಯಾವ ಹೆಂಗಸು ಕಾಗದ ಬರೀತಾಳೆ? ಪುಟ್ಟಲಕ್ಷ್ಮಿ ಅನ್ನೋರೇ ಇಲ್ಲ, ಯಾರೋ ಒಂಟಿ ಗಂಡಸು ಇರ್ಬೇಕು ಅಂತ ಅಂದ್ಕೊಂಡಿದ್ದೆ. ಪರೀಕ್ಷೆ ಮಾಡೋಣ ಅಂತ್ಲೇ ಕಡ್ಡಿ ಹಿಂದೆ ಹಿಡಿದೆ.” ಅವರು ಬೇರೆ ಕಡೆ ನೋಡಿದರು. “ನನ್ನದೊಂದು ಹುಚ್ಚು. ಹೆಂಡ್ತಿಗೆ ಸಹಾಯ ಮಾಡ್ತೀರಿ, ಒಳ್ಳೇದು. ಸುಖವಾಗಿರಿ.”

“ಟೀಚರಮ್ಮ, ನನಗೆ ಹೆಂಡ್ತಿನೇ ಇಲ್ಲ! ಆಣೆ ಇಟ್ಟು ಹೇಳ್ತೀನಿ!”

ಶಾಂತಮ್ಮನ ಮುಖ ಬಿಗಿಯಿತು. ಸರಕ್ಕನೆ ರೈಲು ಹತ್ತಿದರು. ಹೊರಡುವಾಗ ಚೀಲದಲ್ಲಿದ್ದ ಉಲ್ಲನ್ ಉಂಡೆಯೊಂದನ್ನು ಕಿಟಕಿಯಿಂದ ಅವನ ಕೈಗೆ ಹಾಕಿದರು.

“ಹೆರಿಗೆಗೆ ಹೋದ ಹೆಂಡ್ತಿನ ಇಲ್ಲ ಅಂತೀರಲ್ಲ! ಅವಳಿಗೆ ಟೋಪಿ ಹಾಕೋದು ಬಿಟ್ಟು, ಹುಟ್ಟೋ ಮಗುಗೆ ಒಂದು ಟೋಪಿ ಹಾಕಿ. ಇಷ್ಟು ಸಾಕಾಗುತ್ತೆ.”

ರೈಲು ಮಾಚೇನಹಳ್ಳಿ ಹಾದು ಶಿವಮೊಗ್ಗದ ಕಡೆ ಹೊರಟುಹೋಯಿತು.

ಮನೆಯ ಬಾಗಿಲಲ್ಲಿ ನಂಜಮ್ಮ ಕಾದಿದ್ದಳು. “ನಿಮ್ಮ ಮಾನ ನಾನು ಉಳಿಸಿದ್ನಾ ಇಲ್ವಾ? ಈಗ ನನಗೊಬ್ಬಳಿಗೆ ಹೇಳಿ, ಯಾರು ಆ ಪುಟ್ಟಲಕ್ಷ್ಮಿ?”

“ನಾನೇ ಕಣಮ್ಮ.”

“ಹೇಳಕ್ಕೆ ಇಷ್ಟ ಇಲ್ದಿದ್ರೆ ಬಿಡಿ, ಅಣಕ ಯಾಕೆ?” ಎಂದು ಅವಳು ಮುನಿಸಿಕೊಂಡು ಹೋದಳು. ಆವತ್ತು ಹೊನ್ನಯ್ಯ ಎರಡು ಸಲ ನಿಜ ಹೇಳಿದ್ದ, ಎರಡು ಸಲವೂ ಯಾರೂ ನಂಬಲಿಲ್ಲ.

ಸಂಜೆ ಹುಳಿ ಬರಲಿಲ್ಲ. ಹೊನ್ನಯ್ಯ ಚಾಪೆಯ ಮೇಲೆ ಕುಳಿತು ಟೋಪಿ ಹೆಣೆಯತೊಡಗಿದ. ಅಂಚಿಗೆ ಪುಟ್ಟ ಜಡೆ ಹಾಕಿದ, ಈ ಸಲ ಒಂದು ತಿರುವೂ ತಪ್ಪಲಿಲ್ಲ. ಮುಗಿದ ಮೇಲೆ ಅಳತೆ ನೋಡಲು ಮನೆಯಲ್ಲಿ ಮಗುವಿನ ತಲೆ ಇರಲಿಲ್ಲವಾಗಿ, ಅದನ್ನು ತನ್ನ ಮುರಿದು ಕೂಡಿದ ಮೊಣಕಾಲಿಗೆ ಹಾಕಿ ನೋಡಿದ. ಸರಿಯಾಗಿ ಕೂತಿತು.