ತತ್ತಿಯ ಹಳದಿ, ಮಾಮಾನ ಮೀಸೆ

ಆಗ ನನಗೆ ಹದಿನಾಲ್ಕು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ನಮ್ಮ ಮಾಮಾನ ತಲೆಗೂದಲನ್ನೆಲ್ಲ ನಾನೇ ತಿಂದುಬಿಟ್ಟೆ ಎಂದು ಹೇಳುವವರು ಅಂಕಲಗಿಯಲ್ಲಿ ಈಗಲೂ ಇದ್ದಾರೆ. ಹೇಳಲಿ. ಅವರಿಗೆ ಬೇರೆ ಕೆಲಸ ಏನಿದೆ?

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಪೈಲ್ವಾನ. ಅವನು ಕುಸ್ತಿ ಗೆದ್ದದ್ದನ್ನು ನಾನಂತೂ ನೋಡಿಲ್ಲ, ಆದರೆ ಗೆದ್ದವರಿಗಿಂತ ದೊಡ್ಡ ಮೀಸೆ ಬಿಟ್ಟಿದ್ದ. ದಿನಾ ಮುಂಜಾನೆ ಗರಡಿಯಿಂದ ಬಂದವನೇ ತಂಬಿಗೆ ತುಂಬ ಹಸಿ ತತ್ತಿ ಕುಡಿಯುತ್ತಿದ್ದ. ಅದೂ ಬರೀ ಬಿಳಿದು. ಹಳದಿಯನ್ನು ಬಟ್ಟಲಿಗೆ ಸುರಿದು ನನ್ನ ಕೈಗಿಟ್ಟು, "ನಾಯಿಗೆ ಹಾಕು" ಎನ್ನುತ್ತಿದ್ದ.

"ಯಾಕ ಮಾಮಾ, ಹಳದಿ ಏನ ಮಾಡೈತಿ ನಿನಗ?"

"ಕೋಳಿಮರಿ ನೋಡಿಯೇನು? ಹಳದಿ ಇರೋತನಕ ಕಾಗಿ ನೆರಳಿಗೂ ಅಂಜತೈತಿ. ಅಂಜಿಕಿ ಎಲ್ಲಾ ಹಳದ್ಯಾಗ ಇರತೈತಿ. ಪೈಲ್ವಾನ ತಿನ್ನಬಾರದು."

ಇಂಥ ವಿದ್ಯೆಯನ್ನು ಯಾವ ಸಾಲಿಯಲ್ಲಿ ಕಲಿಸುತ್ತಾರೋ, ಎರಡನೇ ಇಯತ್ತೆಗೆ ಬಿಟ್ಟ ನನಗೇನು ಗೊತ್ತು? ನಾನು ನಾಯಿಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ತತ್ತಿ ಕೊಡುತ್ತಿರಲಿಲ್ಲ; ಮೈಗೆ ಉಷ್ಣವಂತೆ. ನಾಯಿಗೆ ಆಗದ ಉಷ್ಣ ನನಗೆ ಹೇಗೆ ಆದೀತು? ಹಿತ್ತಲ ಒಲೆಯ ಮೇಲೆ ಉಪ್ಪು ಖಾರ ಹಾಕಿ ಹುರಿದು ನಾನೇ ತಿಂದೆ. ಕದ್ದೆ ಎಂದು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಬರಬರುತ್ತ ಮಾಮಾನ ಮೈಯೆಲ್ಲ ತುರಿ ಎದ್ದು ಹೊಟ್ಟು ಉದುರತೊಡಗಿತು. ತಲೆ ಬೋಳಾಯಿತು. ಮಲಗುವಾಗಲೂ ಪಟಕಾ ಸುತ್ತಿಕೊಂಡ. ಉಳಿದದ್ದು ಆ ಮೀಸೆ ಒಂದೇ, ಅದೂ ಸೊರಗಿತ್ತು. ಶಕ್ತಿ ಸಾಲದೆಂದು ಇನ್ನಷ್ಟು ಬಿಳಿದು ಕುಡಿದ. ನನ್ನ ಜಡೆ ಮಾತ್ರ ಎತ್ತು ಕಟ್ಟುವ ಹಗ್ಗದಷ್ಟು ದಪ್ಪಗಾಯಿತು.

ಒಂದು ದಿನ ಆಯಿ, ಅಂದರೆ ಮಾಮಾನ ತಾಯಿ, ಒಲೆಯ ಮುಂದೆ ನನ್ನನ್ನು ಹಿಡಿದಳು.

"ನನ್ನ ಮಗನ ಕೂದಲಾ ಎಲ್ಲಿ ಹೋತಂತ ಈಗ ತಿಳೀತು. ದೇವಿಗೆ ನಿನ್ನ ಮುಡಿ ಕೊಟ್ರ ಅವಂದು ತಿರುಗಿ ಬರತೈತಿ. ಮಂಗಳವಾರ ಬೋಳಸೂದ."

"ನಾ ಕೊಡಂಗಿಲ್ಲ."

"ನಿನ್ನ ಕೇಳಿದವ್ರ ಯಾರು?"

ಸೋಮವಾರ ತುರಿಕೆ ತಡೆಯಲಾಗದೆ ಮಾಮಾ ಸಂಕೇಶ್ವರದ ಡಾಕ್ಟರರ ಕಡೆ ಹೊರಟ. ಮನೆಯಲ್ಲಿ ಬಿಟ್ಟರೆ ಓಡಿಹೋದೇನೆಂದು ನನ್ನನ್ನೂ ಜೊತೆಗೆ ಕಳಿಸಿದರು. ಡಾಕ್ಟರರು ಊಟ ಉಣಿಸಿನ ವಿಷಯ ಕೇಳುತ್ತ ಕೇಳುತ್ತ ನಕ್ಕುಬಿಟ್ಟರು.

"ಪೈಲ್ವಾನ್ರ, ತತ್ತ್ಯಾಗ ಬಯೋಟಿನ್ ಅಂತ ಒಂದ ಸತ್ವ ಐತಿ. ಅದಿರೋದ ಹಳದ್ಯಾಗ. ಹಸಿ ಬಿಳಿದು ಅದನ್ನ ಪಟ್ಟು ಹಾಕಿ ಹಿಡಕೊಂಡು ಮೈಗೆ ಸೇರಾಕ ಬಿಡೂದಿಲ್ಲ. ಬೇಸಿದ್ರ ಪಟ್ಟು ಬಿಡತೈತಿ. ನೀವು ಹಳದಿನೂ ಚೆಲ್ಲಿದ್ರಿ, ಬಿಳಿದು ಹಸೀದ ಕುಡದ್ರಿ."

"ಬಯೋಟಿನ್ ಅಂದ್ರ ಏನ್ರಿ?"

"ಗ್ರೀಕರ ಹಳೇ ಮಾತಿನಾಗ ಬಿಯೊಟೋಸ್ ಅಂದ್ರ ಬದುಕು. ಬದುಕಾಕ ಬೇಕಾದ ಅನ್ನಕ್ಕೂ ಅದ ಮಾತು. ಅದರಿಂದ ಬಂದ ಹೆಸರು. ಅಲ್ಲಾ, ಆ ಹಳದಿ ಎಲ್ಲಾ ಏನಾತು?"

"ನಾ ತಿಂದೆ," ಎಂದೆ.

ಡಾಕ್ಟರರು ನನ್ನ ಜಡೆ ನೋಡಿ, "ಕಾಣತೈತಿ" ಎಂದರು.

ಬಸ್ಸು ಹತ್ತರಗಿ ದಾಟುವಾಗ ಮಾಮಾ ಪಟಕಾ ಸರಿಮಾಡಿಕೊಂಡ. ಆಮೇಲೆ, "ಬದುಕನ್ನ ನಾಯಿಗೆ ಹಾಕಂದೆ ನೋಡು" ಎಂದ.

"ನಾಯಿಗೆ ಎಲ್ಲಿ ಹಾಕೇನಿ ತಗೋ."

ಆಯಿಗೆ ಗ್ರೀಕರು ಯಾವ ಲೆಕ್ಕ? ಹರಕೆ ಹರಕೆಯೇ ಎಂದಳು. ಮಂಗಳವಾರ ಕ್ಷೌರದ ಕಾಕಾ ಅಂಗಳದಲ್ಲಿ ಕತ್ತಿ ಮಸೆಯುತ್ತ ಕುಳಿತ. ನಾನು ಕಂಬವನ್ನು ತಬ್ಬಿಕೊಂಡು ನಿಂತೆ. ಎಳೆದರೆ ಮಾಳಿಗೆಯನ್ನೂ ಕೂಡಿಸಿಯೇ ಎಳೆಯಲಿ ಎಂದು. ಅಷ್ಟರಲ್ಲಿ ಮಾಮಾ ಬಂದ. ಎಲ್ಲರ ಎದುರಿಗೆ ಪಟಕಾ ತೆಗೆದಿಟ್ಟು ಆ ಬೋಳು ತಲೆಯಲ್ಲಿ ಮಣೆಯ ಮೇಲೆ ಕುಳಿತ.

"ಹರಕಿ ನನ್ನ ಸಲುವಾಗಿ ಅಲ್ಲೇನು? ನಂದ ತಗೋ, ಕಾಕಾ. ಮೀಸಿ ಬೋಳಿಸು."

"ಹುಚ್ಚಾ, ಮೀಸಿ ಇಲ್ಲದ ಪೈಲ್ವಾನ ಆಗತಿಯೇನೊ?" ಎಂದಳು ಆಯಿ.

"ಹುಡುಗಿ ಬದುಕಾಕ ಬೇಕಾದ್ದು ತಿಂದಾಳ. ಆಕಿ ಕೂದಲಾ ಮುಟ್ಟಿದ್ರ ನನ್ನ ಮಾರಿ ನೋಡಬ್ಯಾಡ, ಅವ್ವಾ."

ಕತ್ತಿ ಆಡುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಮೀಸೆ ಹೋದ ಮೇಲೆ ನೋಡಿದರೆ, ಅವನ ಮುಖ ನಮ್ಮ ಅವ್ವನ ಮುಖದಂತೆಯೇ ಇತ್ತು.

ಮರುದಿನ ಮುಂಜಾನೆ ಹಿತ್ತಲ ಒಲೆ ಬಿಟ್ಟು ಅಡುಗೆಮನೆಯ ಒಲೆಯನ್ನೇ ಹೊತ್ತಿಸಿದೆ. ಬಿಳಿದು ಹಳದಿ ಕೂಡಿಸಿ ತತ್ತಿ ಹುರಿದೆ. ಒಂದು ತಾಟು ಮಾಮಾನ ಮುಂದಿಟ್ಟೆ, ಇನ್ನೊಂದು ನನ್ನ ಮುಂದಿಟ್ಟುಕೊಂಡೆ. ಜಡೆಯನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ಆಯಿಯ ಎದುರಿಗೇ ಕುಳಿತು ತಿಂದೆ.